ದೋಣಿಯ ಸವೆದ ಶಾಫ್ಟಿಗೆ ಲೋಹಲೇಪನ: ಕರಾವಳಿಯ ವರ್ಕ್‌ಶಾಪುಗಳಿಗೊಂದು ಸಮಗ್ರ ಮಾರ್ಗದರ್ಶಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರ, ಭಟ್ಕಳದವರೆಗೆ ಟ್ರಾಲರ್ ಮತ್ತು ಪರ್ಸೀನ್ ದೋಣಿಗಳು ದಡ ಸೇರುವ ಈ 61 ದಿನಗಳೇ ನಮ್ಮ ವರ್ಕ್‌ಶಾಪುಗಳಿಗೆ ದುರಸ್ತಿಯ ಸುಗ್ಗಿ. ವಿಂಚಿನ (ಬಲೆಯ ಹಗ್ಗ ಎಳೆಯುವ ಯಂತ್ರದ) ಶಾಫ್ಟ್, ಪಂಪಿನ ಸ್ಲೀವ್ (ಶಾಫ್ಟಿಗೆ ತೊಡಿಸುವ ಕೊಳವೆ), ಬೇರಿಂಗ್ ಕೂರುವ ಜಾಗ ಹೀಗೆ ಸವೆದದ್ದೆಲ್ಲವೂ ಆಗಲೇ ಬರುತ್ತದೆ. ಆದರೆ ಸವೆದ ಲೋಹದ ಮೇಲೆ ಕರಗಿದ ಲೋಹವನ್ನು ಎರಚಿ ಲೇಪಿಸುವ ಕೆಲಸಕ್ಕೆ ತೇವ ಮತ್ತು ಉಪ್ಪಿಗಿಂತ ದೊಡ್ಡ ವೈರಿಗಳಿಲ್ಲ. ಅವೆರಡೂ ವರ್ಷದಲ್ಲಿ ಅತಿ ಹೆಚ್ಚು ಇರುವುದು ಇದೇ ಎರಡು ತಿಂಗಳಲ್ಲಿ. ಒಳನಾಡಿನ ಒಣ ಹವೆಗೆ ಬರೆದ ಕೈಪಿಡಿಗಳನ್ನು ಇಲ್ಲಿ ಅಕ್ಷರಶಃ ಪಾಲಿಸಿದರೂ ಲೇಪ ಸಿಪ್ಪೆಯಂತೆ ಎದ್ದುಬರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಒಂದು ವಿಂಚ್ ಶಾಫ್ಟನ್ನು ಉದಾಹರಣೆಯಾಗಿಟ್ಟುಕೊಂಡು, ನಮ್ಮ ಹವೆಗೆ ಬೇಕಾದ ಎಚ್ಚರಿಕೆಗಳೊಂದಿಗೆ ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸುತ್ತೇನೆ.

ಲೇಪ ಹಿಡಿಯುವುದು ಹೇಗೆ

ಸ್ವಿಟ್ಜರ್ಲೆಂಡಿನ ಝೂರಿಕ್‌ನ ಮ್ಯಾಕ್ಸ್ ಉಲ್ರಿಕ್ ಶೂಪ್ 1910ರ ಆಸುಪಾಸಿನಲ್ಲಿ ರೂಪಿಸಿದ ಈ ವಿಧಾನದ ತಿರುಳು ಇಂದಿಗೂ ಬದಲಾಗಿಲ್ಲ. ತಂತಿಯನ್ನೋ ಪುಡಿಯನ್ನೋ ಕರಗಿಸಿ, ಗಾಳಿಯ ಅಥವಾ ಅನಿಲದ ವೇಗದಲ್ಲಿ ಸಣ್ಣ ಹನಿಗಳಾಗಿ ಎರಚಲಾಗುತ್ತದೆ. ಹನಿಗಳು ತಣ್ಣನೆಯ ಲೋಹಕ್ಕೆ ಬಡಿದು, ಚಪ್ಪಟೆಯಾಗಿ, ಕ್ಷಣಾರ್ಧದಲ್ಲಿ ಗಟ್ಟಿಯಾಗಿ, ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂರುತ್ತವೆ. ವೆಲ್ಡಿಂಗಿನಲ್ಲಿ ಆಗುವಂತೆ ಎರಡು ಲೋಹಗಳು ಇಲ್ಲಿ ಕರಗಿ ಒಂದಾಗುವುದಿಲ್ಲ. ಒರಟು ಮಾಡಿದ ಮೇಲ್ಮೈಯ ಏರುತಗ್ಗುಗಳನ್ನು ಹನಿಗಳು ತಬ್ಬಿ ಹಿಡಿಯುವುದೇ ಬಹುಮಟ್ಟಿಗೆ ಲೇಪದ ಬಲ. ಶಾಫ್ಟಿನ ಉಷ್ಣತೆ 150 ಡಿಗ್ರಿ ದಾಟಬೇಕಾಗಿಲ್ಲವಾದ್ದರಿಂದ ಅದು ಬಾಗುವುದಿಲ್ಲ, ಹದ ಕೆಡುವುದಿಲ್ಲ. ವೆಲ್ಡಿಂಗಿಗಿಂತ ಇದರ ಹೆಚ್ಚುಗಾರಿಕೆ ಅದೇ. ಹಿಡಿತವೆಲ್ಲವೂ ಮೇಲ್ಮೈಯ ಸ್ಥಿತಿಯನ್ನೇ ಅವಲಂಬಿಸಿರುವುದು ಇದರ ದೌರ್ಬಲ್ಯ. ಲೋಹ ಎರಚುವ ಗನ್ನು ಹಿಡಿಯುವ ಹೊತ್ತಿಗೆ ಕೆಲಸದ ಭವಿಷ್ಯ ತೀರ್ಮಾನವಾಗಿಹೋಗಿರುತ್ತದೆ.

ಯಾವುದಕ್ಕೆ ಲೇಪ ಹಚ್ಚಬಾರದು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಲೇಪ ಅಳತೆಯನ್ನು ಮರಳಿಸುತ್ತದೆಯೇ ಹೊರತು ಬಲವನ್ನು ಮರಳಿಸುವುದಿಲ್ಲ. ಬಿರುಕು ಬಿಟ್ಟ ಶಾಫ್ಟ್, ಬಾಗಿದ ಶಾಫ್ಟ್, ಭಾರ ಹೊರಲಾರದಷ್ಟು ತೆಳುವಾದ ಶಾಫ್ಟ್ ಇವಕ್ಕೆ ಹೊಸ ಶಾಫ್ಟೇ ಪರಿಹಾರ. ಗೇರಿನ ಹಲ್ಲು, ಥ್ರೆಡ್, ಸುತ್ತಿಗೆ ಏಟಿನಂಥ ಹೊಡೆತ ಬೀಳುವ ಅಂಚು, ರೋಲರ್ ನೇರವಾಗಿ ಉರುಳುವ ಗೆರೆ ಇವುಗಳಿಗೂ ಈ ಲೇಪ ತಕ್ಕದ್ದಲ್ಲ. ಉಜ್ಜಾಟದಿಂದ ಸವೆಯುವ ದುಂಡನೆಯ ಮೇಲ್ಮೈಗಳಲ್ಲಿ ಇದು ಅತ್ಯುತ್ತಮವಾಗಿ ದುಡಿಯುತ್ತದೆ.

ವಿಧಾನ ಮತ್ತು ವಸ್ತುವಿನ ಆಯ್ಕೆ

ಜಿಲ್ಲೆಯ ಮಟ್ಟದ ವರ್ಕ್‌ಶಾಪಿಗೆ ಎಟುಕುವ ವಿಧಾನಗಳು ಎರಡು. ಆಕ್ಸಿ-ಅಸಿಟಿಲಿನ್ ಜ್ವಾಲೆಯಲ್ಲಿ ತಂತಿ ಕರಗಿಸುವುದು ಮೊದಲನೆಯದು. ಆ ಜ್ವಾಲೆಯ ಉಷ್ಣತೆ 3100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹೊತ್ತಿಸಿ, ಕರಗಿದ್ದನ್ನು ಗಾಳಿಯಿಂದ ಊದುವ ಆರ್ಕ್ ಸ್ಪ್ರೇ ಎರಡನೆಯದು. ಹಿಡಿತವೂ ವೇಗವೂ ಆರ್ಕಿನಲ್ಲಿ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಜ್ವಾಲೆ ಉರಿದಾಗ ಹುಟ್ಟುವ ನೀರಾವಿ ಆರ್ಕಿನಲ್ಲಿ ಇರುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಪ್ಲಾಸ್ಮಾ (ಅತಿ ಬಿಸಿಯ ವಿದ್ಯುತ್ ಅನಿಲದಲ್ಲಿ ಪುಡಿ ಕರಗಿಸಿ ಎರಚುವುದು) ಮತ್ತು ಎಚ್‌ವಿಒಎಫ್ (ಆಮ್ಲಜನಕದಲ್ಲಿ ಇಂಧನ ಉರಿಸಿ ಅತಿ ವೇಗದಲ್ಲಿ ಎರಚುವುದು) ದೊಡ್ಡ ಘಟಕಗಳ ಕೆಲಸ. ಎಚ್‌ವಿಒಎಫ್ ಗನ್ನಿನಲ್ಲಿ ಅನಿಲ ಶಬ್ದಕ್ಕಿಂತ ವೇಗವಾಗಿ ಹೊರಬರುವುದರಿಂದ ಲೇಪದಲ್ಲಿ ರಂಧ್ರಗಳು ಸಾಮಾನ್ಯವಾಗಿ ಶೇ 2ಕ್ಕಿಂತ ಕಡಿಮೆ ಉಳಿಯುತ್ತವೆ, ಆದರೆ ತಂತಿಯ ಜ್ವಾಲಾ ಲೇಪದಲ್ಲಿ ಅವು ಶೇ 10ನ್ನು ಮೀರಬಹುದು. ಸಟ್ಲೆಜ್ ನದಿಯ ನಾತ್ಪಾ ಝಾಕ್ರಿ ವಿದ್ಯುದಾಗಾರದಲ್ಲಿ ಹಿಮಾಲಯದ ಸ್ಫಟಿಕ ಮರಳು ಕೊರೆಯುವ ಟರ್ಬೈನುಗಳಿಗೆ ಇದೇ ವಿಧಾನದಿಂದ ಟಂಗ್‌ಸ್ಟನ್ ಕಾರ್ಬೈಡ್ ಹಚ್ಚುತ್ತಾರೆ.

ವಸ್ತುವಿನ ಆಯ್ಕೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಆ ಭಾಗ ಸಮುದ್ರದ ನೀರಿನಲ್ಲಿ ಮುಳುಗಿರುತ್ತದೆಯೋ ಇಲ್ಲವೋ ಎಂಬುದು. ಕಬ್ಬಿಣದ ಶಾಫ್ಟಿನ ಮೇಲೆ ಸ್ಟೇನ್‌ಲೆಸ್ ಸ್ಟೀಲನ್ನೋ ಕಂಚನ್ನೋ ಎರಚಿ, ರಂಧ್ರ ಮುಚ್ಚದೆ ಉಪ್ಪುನೀರಿಗಿಳಿಸಿದರೆ, ನೀರು ರಂಧ್ರಗಳ ಮೂಲಕ ಕಬ್ಬಿಣವನ್ನು ಮುಟ್ಟುತ್ತದೆ. ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಸ್ಥಿತಿ ಉಂಟಾಗಿ, ಮೇಲಿನ ಲೇಪ ಸುರಕ್ಷಿತವಾಗಿದ್ದು ಒಳಗಿನ ಕಬ್ಬಿಣ ಕರಗುತ್ತ ಹೋಗುತ್ತದೆ. ಹೊರಗಿನಿಂದ ಮಿಂಚುವ ಶಾಫ್ಟು ಒಂದು ದಿನ ಲೇಪವನ್ನು ಚೂರುಚೂರಾಗಿ ಕಳಚುವುದಕ್ಕೆ ಕಾರಣ ಇದು. ಆದ್ದರಿಂದ ಸಮುದ್ರದ ನೀರೆತ್ತುವ ಪಂಪಿನ ಸ್ಲೀವುಗಳನ್ನು ನಾನು ಇಲ್ಲಿ ಮಾಡಲು ಹೋಗುವುದಿಲ್ಲ. ಕೋಬಾಲ್ಟ್ ಮತ್ತು ಕ್ರೋಮಿಯಂ ಎರಡನ್ನೂ ಬಂಧಕವಾಗಿ ಹೊಂದಿದ ಟಂಗ್‌ಸ್ಟನ್ ಕಾರ್ಬೈಡನ್ನು ಎಚ್‌ವಿಒಎಫ್‌ನಲ್ಲಿ, ಅಥವಾ ಕ್ರೋಮಿಯಂ ಆಕ್ಸೈಡನ್ನು ಪ್ಲಾಸ್ಮಾದಲ್ಲಿ ಹಚ್ಚಿಸಿ, ರಂಧ್ರ ಮುಚ್ಚಿಸಿ ತರುವುದೇ ಸರಿ. ಬರೀ ಕೋಬಾಲ್ಟ್ ಬಂಧಕವಿರುವ ಕಾರ್ಬೈಡು ಒಣ ಸವೆತಕ್ಕೆ ಒಳ್ಳೆಯದೇ ಆದರೂ ಉಪ್ಪುನೀರಿಗೆ ಅಷ್ಟು ತಾಳುವುದಿಲ್ಲ. ಬೆಂಗಳೂರಿಗೋ ಪುಣೆಗೋ ಕಳಿಸುವಾಗ ಈ ವ್ಯತ್ಯಾಸವನ್ನು ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆದು ಕಳಿಸಿ.

ನಮ್ಮ ಉದಾಹರಣೆಯ ವಿಂಚ್ ಶಾಫ್ಟು ಇಎನ್-8 ಉಕ್ಕಿನದು. ಅದು ಡೆಕ್ಕಿನ ಮೇಲೆ ಕಂಚಿನ ಬುಶ್‌ನಲ್ಲಿ ತಿರುಗುತ್ತದೆ, ಗ್ರೀಸು ಉಣ್ಣುತ್ತದೆ, ಅಲೆಯ ತುಂತುರು ಬೀಳುತ್ತದೆ, ಆದರೆ ಮುಳುಗುವುದಿಲ್ಲ. ಇದಕ್ಕೆ ಶೇ 13 ಕ್ರೋಮಿಯಂ ಇರುವ ಉಕ್ಕಿನ ತಂತಿ ಸಾಕು. ಲೇಪವಾದ ಮೇಲೆ ಅದರ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 30ರಿಂದ 40ರ ನಡುವೆ ಬರುತ್ತದೆ. ತಣಿಯುವಾಗ ಅಷ್ಟಾಗಿ ಕುಗ್ಗದ ಕಾರಣ ತುಸು ದಪ್ಪಗೆ ಹಚ್ಚಿದರೂ ಅದು ಬಿರುಕು ಬಿಡುವುದಿಲ್ಲ. ಅಡಿಯ ಪದರಕ್ಕೆ ಶೇ 95 ನಿಕ್ಕಲ್, ಶೇ 5 ಅಲ್ಯೂಮಿನಿಯಂನ ತಂತಿ ಬೇಕು.

ಹಂತ 1: ಉಪ್ಪು ಮತ್ತು ಎಣ್ಣೆ ತೆಗೆಯುವುದು

ಹೆಚ್ಚಿನವರು ಸೀಮೆಎಣ್ಣೆಯಲ್ಲಿ ಒರೆಸಿ, ನೇರವಾಗಿ ಲೇತಿಗೆ ಕಟ್ಟುತ್ತಾರೆ. ಸೀಮೆಎಣ್ಣೆ ಗ್ರೀಸನ್ನು ತೆಗೆದರೂ ಉಪ್ಪನ್ನು ಮುಟ್ಟುವುದಿಲ್ಲ, ಜೊತೆಗೆ ತಾನೇ ಒಂದು ಜಿಡ್ಡನ್ನು ಬಿಟ್ಟು ಹೋಗುತ್ತದೆ. ಮೊದಲು ಡಿಟರ್ಜೆಂಟ್ ಬೆರೆಸಿದ ಬಿಸಿ ಸಿಹಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ, ಧಾರಾಳವಾಗಿ ಸಿಹಿನೀರು ಹರಿಸಿ ತೊಳೆಯಿರಿ. ಸಮುದ್ರಕ್ಕೆ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಬಾಯಿಗೆ ಹಾಕಿದಾಗ ಸ್ವಲ್ಪ ಸಪ್ಪೆ-ಉಪ್ಪು ಎನಿಸಿದರೂ ಆ ನೀರು ಈ ಕೆಲಸಕ್ಕೆ ಬೇಡ. ಮಳೆಗಾಲದಲ್ಲಿ ಮಾಡಿನಿಂದ ಹಿಡಿದ ಮಳೆನೀರು ಅದಕ್ಕಿಂತ ಎಷ್ಟೋ ಮೇಲು. ಒಣಗಿದ ಮೇಲೆ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಬಟ್ಟೆ ಬದಲಿಸುತ್ತಲೇ ಇರಬೇಕು.

ಎರಕದ ಭಾಗವಾದರೆ ಎಣ್ಣೆ ಅದರ ಒಳಗಿನ ರಂಧ್ರಗಳಿಗೂ ಇಳಿದಿರುತ್ತದೆ. ಅಂಥದ್ದನ್ನು 250ರಿಂದ 300 ಡಿಗ್ರಿಯಲ್ಲಿ ಕಾಯಿಸಿ, ಹೊರಬಂದ ಎಣ್ಣೆಯನ್ನು ಒರೆಸಿ, ಹೊಗೆ ನಿಲ್ಲುವವರೆಗೆ ಮತ್ತೆ ಕಾಯಿಸಬೇಕು.

ಹಂತ 2: ಅಳತೆ ಮತ್ತು ಕೆಳಕೊರೆತ

ನಮ್ಮ ಶಾಫ್ಟಿನ ಮೂಲ ವ್ಯಾಸ 50 ಮಿ.ಮೀ. ಸವೆದ ಜಾಗದಲ್ಲಿ ಅದು 49.2ಕ್ಕೆ ಇಳಿದಿದೆ, ಅಲ್ಲಲ್ಲಿ ತುಕ್ಕಿನ ಗುಳಿಗಳಿವೆ. ಗುಳಿಗಳ ತಳವೂ ಹೋಗುವಂತೆ ಲೇತಿನಲ್ಲಿ 48.8ಕ್ಕೆ ಇಳಿಸಿದರೆ ಒಂದು ಬದಿಗೆ 0.6 ಮಿ.ಮೀ. ಲೇಪಕ್ಕೆ ಜಾಗವಾಗುತ್ತದೆ. ಗ್ರೈಂಡಿಂಗಿಗೆ ಬದಿಗೆ 0.2 ಸೇರಿಸಿದರೆ 50.4 ಮಿ.ಮೀ. ವ್ಯಾಸ ಬರುವವರೆಗೆ ಎರಚಬೇಕೆಂದಾಯಿತು. ಗುಳಿಗಳಲ್ಲಿ ಉಪ್ಪು ಅಡಗಿರುತ್ತದೆಯಾದ್ದರಿಂದ, ವ್ಯಾಸ ಸ್ವಲ್ಪ ಹೆಚ್ಚು ಇಳಿದರೂ ಚಿಂತೆಯಿಲ್ಲ, ಒಂದು ಗುಳಿಯೂ ಉಳಿಯದಿರಲಿ.

ಕೊರೆತದ ಎರಡು ತುದಿಗಳನ್ನೂ ಲಂಬವಾಗಿ ಬಿಡದೆ 45 ಡಿಗ್ರಿಯಲ್ಲಿ ಇಳಿಜಾರು ಮಾಡಿ. ಲಂಬ ಮೂಲೆಯಲ್ಲಿ ಹನಿಗಳು ಕೂರದೆ ಪುಡಿ ತುಂಬಿಕೊಳ್ಳುತ್ತದೆ, ಲೇಪ ಏಳುವುದಕ್ಕೆ ಅಲ್ಲಿಂದಲೇ ಆರಂಭವಾಗುತ್ತದೆ. ಕೊರೆತವನ್ನು ಶಾಫ್ಟಿನ ಕೊನೆಯವರೆಗೆ ಒಯ್ಯದೆ, ಮೂರು ನಾಲ್ಕು ಮಿ.ಮೀ. ಮೂಲ ಲೋಹವನ್ನು ಬಳೆಯಂತೆ ಬಿಟ್ಟರೆ ಲೇಪದ ಅಂಚಿಗೆ ಕಾವಲು ಸಿಗುತ್ತದೆ. ಕೀವೇ (ಶಾಫ್ಟಿನಲ್ಲಿ ಕೀಲಿ ಕೂರುವ ಗಾಡಿ) ಇದ್ದರೆ ಅದರ ಅಂಚುಗಳನ್ನು ಉಜ್ಜಿ ಮೊಂಡಾಗಿಸಿ, ಕಾರ್ಬನ್ ತುಂಡನ್ನು ಬಿಗಿಯಾಗಿ ಕೂರಿಸಿ. ಕೊನೆಯ ಕೊರೆತಕ್ಕೆ ಕಟಿಂಗ್ ಆಯಿಲ್ ಬೇಡ, ಒಣದಾಗಿಯೇ ಕೊರೆಯಿರಿ. ಆಮೇಲೆ ಆ ಜಾಗವನ್ನು ಬರಿಗೈಯಿಂದ ಯಾರೂ ಮುಟ್ಟಕೂಡದು.

ಹಂತ 3: ಹವೆಯ ಲೆಕ್ಕ

ಈ ಹಂತವನ್ನು ನಾನು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ಕೆಲಸ ಕಲಿತ ಮೊದಲ ವರ್ಷಗಳಲ್ಲಿ ಒಂದು ಜುಲೈಯಲ್ಲಿ, ಸಂಜೆ ಗ್ರಿಟ್ (ಮೇಲ್ಮೈ ಒರಟಾಗಿಸಲು ಗಾಳಿಯಿಂದ ಹೊಡೆಯುವ ಮೊನಚು ಹರಳು) ಹೊಡೆದು ಮುಗಿಸಿದ ಶಾಫ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಬೆಳಿಗ್ಗೆ ಲೇಪ ಹಚ್ಚಿದೆ. ಕಣ್ಣಿಗೆ ತುಕ್ಕು ಕಂಡಿರಲಿಲ್ಲ, ಬಣ್ಣ ಮಾತ್ರ ಬೂದಿಯಿಂದ ಚೂರು ಹಳದಿಗೆ ತಿರುಗಿದಂತಿತ್ತು. ಗ್ರೈಂಡಿಂಗಿನ ವೇಳೆಗೇ ಅಂಗೈ ಅಗಲದ ಲೇಪ ಚಿಪ್ಪಿನಂತೆ ಎದ್ದು ಬಂತು. ಆ ಚಿಪ್ಪಿನ ಒಳಮೈಯನ್ನು ತಿರುಗಿಸಿ ನೋಡಿದಾಗ ಗ್ರಿಟ್ಟಿನ ಏರುತಗ್ಗುಗಳ ಅಚ್ಚು ಸ್ಪಷ್ಟವಾಗಿ ಮೂಡಿತ್ತು, ಅದರ ಮೇಲೆ ಕಿತ್ತಳೆ ಬಣ್ಣದ ತೆಳು ಹುಡಿಯೂ ಇತ್ತು. ಲೋಹ ಲೋಹವನ್ನು ಹಿಡಿಯುವ ಬದಲು ತುಕ್ಕನ್ನು ಹಿಡಿದಿತ್ತು. ದೋಣಿಯ ಯಜಮಾನರಿಗೆ ಮತ್ತೆ ಮಾಡಿಕೊಡಲು ನಾಲ್ಕು ದಿನ ಹಿಡಿಯಿತು. ಅಂದಿನಿಂದ ತೇವಮಾಪಕವಿಲ್ಲದೆ ನಾನು ಕೆಲಸ ಆರಂಭಿಸುವುದಿಲ್ಲ.

ನಿಯಮ ಎರಡು ಮಾತಿನದು. ಗಾಳಿಯ ಸಾಪೇಕ್ಷ ತೇವಾಂಶ ಶೇ 85ಕ್ಕಿಂತ ಕಡಿಮೆ ಇರಬೇಕು, ಮತ್ತು ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜುಲೈಯ ಒಂದು ಸಾಮಾನ್ಯ ದಿನ ಶೆಡ್ಡಿನೊಳಗೆ 27 ಡಿಗ್ರಿ ಉಷ್ಣತೆ, ಶೇ 90 ತೇವಾಂಶ ಇದೆಯೆಂದುಕೊಳ್ಳಿ. ತೇವಾಂಶದ ಮಿತಿ ಅಲ್ಲಿಗೇ ಮೀರಿತು; ಜೊತೆಗೆ ಆಗ ಇಬ್ಬನಿ ಬಿಂದು 25.2 ಡಿಗ್ರಿ, ಅಂದರೆ ಲೋಹ ಕನಿಷ್ಠ 28.2 ಡಿಗ್ರಿ ಇರಬೇಕು. ರಾತ್ರಿಯಿಡೀ ಸಿಮೆಂಟು ನೆಲದ ಮೇಲೆ ಮಲಗಿದ ಶಾಫ್ಟು 26 ಡಿಗ್ರಿಯಲ್ಲೇ ಇರಬಹುದು. ಅದು ಕಣ್ಣಿಗೆ ಒಣಗಿದಂತೆ ಕಂಡರೂ ಲೇಪಕ್ಕೆ ಯೋಗ್ಯವಲ್ಲ.

ಇದಕ್ಕೆ ನಾನು ಮಾಡಿಕೊಂಡಿರುವ ವ್ಯವಸ್ಥೆ ಸರಳವಾದದ್ದು. ಶೆಡ್ಡಿನ ಒಂದು ಮೂಲೆಯನ್ನು ತಗಡಿನಿಂದ ಸಣ್ಣ ಕೋಣೆಯಾಗಿ ಮುಚ್ಚಿ, ತೇವ ಹೀರುವ ಯಂತ್ರ ಇಟ್ಟಿದ್ದೇನೆ. ಲೇಪಿಸುವ ಶಾಫ್ಟನ್ನು ವಿದ್ಯುತ್ ಒವನ್ನಿನಲ್ಲಿ ಸುಮಾರು 60 ಡಿಗ್ರಿಗೆ ಬೆಚ್ಚಗಾಗಿಸಿ, ಆ ಬಿಸಿಯಲ್ಲಿಯೇ ಗ್ರಿಟ್ ಹೊಡೆಯಲು ಒಯ್ಯುತ್ತೇನೆ. ಗ್ರಿಟ್ ಮುಗಿದು ಗನ್ನು ಹತ್ತುವ ನಡುವಿನ ಅವಧಿಯನ್ನು ಕೈಪಿಡಿಗಳು ಸಾಮಾನ್ಯವಾಗಿ ಎರಡು ಗಂಟೆ, ಕೆಲವೊಮ್ಮೆ ನಾಲ್ಕು ಗಂಟೆಯೆಂದು ಬರೆಯುತ್ತವೆ. ಕಾರವಾರದ ಮಳೆಗಾಲದಲ್ಲಿ ನನ್ನ ಮಿತಿ ಅರ್ಧ ಗಂಟೆ.

ಹಂತ 4: ಗಾಳಿ ಮತ್ತು ಗ್ರಿಟ್

ಕಂಪ್ರೆಸರಿನ ಗಾಳಿಯಲ್ಲಿ ನೀರೂ ಎಣ್ಣೆಯೂ ಬರುತ್ತಿದ್ದರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಪೈಪಿನ ಬಾಯಿಗೆ ಒಂದು ಹಾಳೆ ಬಿಳಿ ಒತ್ತುಕಾಗದ ಹಿಡಿದು ಒಂದು ನಿಮಿಷ ಗಾಳಿ ಬಿಡಿ. ಒಂದು ಚುಕ್ಕೆ ಬಿದ್ದರೂ ಟ್ಯಾಂಕಿನ ನೀರು ಬಸಿದು, ಫಿಲ್ಟರ್ ಬದಲಿಸಿ, ಮತ್ತೆ ಪರೀಕ್ಷಿಸಿ. ಮಳೆಗಾಲದಲ್ಲಿ ಏರ್ ಡ್ರೈಯರ್ ಇಲ್ಲದೆ ಈ ಪರೀಕ್ಷೆ ಪಾಸಾಗುವುದು ಕಷ್ಟ.

ಗ್ರಿಟ್ಟಿಗೆ ಮೊನಚಾದ ಅಲ್ಯೂಮಿನಾ ಬಳಸಿ. 24 ಮೆಶ್ ಗಾತ್ರದ್ದು ಈ ಕೆಲಸಕ್ಕೆ ಸರಿಹೊಂದುತ್ತದೆ. ಕಡಲ ಮರಳೋ ಕಾಳಿ ನದಿಯ ಮರಳೋ ಪುಕ್ಕಟೆ ಸಿಗುತ್ತದೆಂದು ಅದನ್ನು ಹೊಡೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕಡಲ ಮರಳು ಲೋಹದ ಗಾಯದೊಳಕ್ಕೆ ಉಪ್ಪನ್ನು ತುಂಬುತ್ತದೆ. ಯಾವುದೇ ಮರಳಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಗುಣಪಡಿಸುವ ಔಷಧವಿಲ್ಲ. ಕಡಿಮೆ ಕೂಲಿಗೆ ಬರುವ ಹುಡುಗರ ಕೈಗೆ ಮರಳಿನ ನಳಿಕೆ ಕೊಡುವುದು ಅಕ್ಷಮ್ಯ.

ನಳಿಕೆಯನ್ನು 100ರಿಂದ 150 ಮಿ.ಮೀ. ದೂರದಲ್ಲಿ, ಮೇಲ್ಮೈಗೆ ಬಹುತೇಕ ಲಂಬವಾಗಿ ಹಿಡಿದು, 4ರಿಂದ 5 ಬಾರ್ ಒತ್ತಡದಲ್ಲಿ ಹೊಡೆಯಿರಿ. ಮೇಲ್ಮೈ ಬೆಳಕಿನಲ್ಲಿ ಎಲ್ಲಿಯೂ ಮಿಂಚದೆ, ಒಂದೇ ಸಮನೆ ಬಿಳಿ-ಬೂದಿ ಬಣ್ಣಕ್ಕೆ ಬರಬೇಕು. ಉಪ್ಪಿನ ಅನುಮಾನ ಇದ್ದರೆ ಪೊಟ್ಯಾಸಿಯಂ ಫೆರಿಸೈನೈಡ್ ಕಾಗದವನ್ನು ಶುದ್ಧ ನೀರಿನಲ್ಲಿ ತೋಯಿಸಿ, ಲೇಪ ಬೀಳದ ಒಂದು ಮೂಲೆಗೆ ಒತ್ತಿ ನೋಡಬಹುದು. ನೀಲಿ ಚುಕ್ಕೆ ಮೂಡಿದರೆ ಕರಗುವ ಕಬ್ಬಿಣದ ಲವಣ ಇನ್ನೂ ಇದೆಯೆಂದರ್ಥ, ಮತ್ತೆ ತೊಳೆಯುವುದರಿಂದಲೇ ಆರಂಭಿಸಬೇಕು. ಗ್ರಿಟ್ ಧೂಳನ್ನು ಒಣ ಗಾಳಿಯಿಂದ ಊದಿ ತೆಗೆಯಿರಿ, ಬಟ್ಟೆಯಿಂದ ಒರೆಸಬೇಡಿ. ಬಟ್ಟೆಯ ಎಳೆಗಳು ಒರಟು ಮೈಗೆ ಸಿಕ್ಕಿಕೊಳ್ಳುತ್ತವೆ.

ಹಂತ 5: ಎರಚುವುದು

ಶಾಫ್ಟು ಲೇತಿನಲ್ಲಿ ತಿರುಗುತ್ತಿರುವಾಗ ಬಿಸಿಗಾಳಿ ಊದಿ 90ರಿಂದ 110 ಡಿಗ್ರಿಗೆ ತನ್ನಿ. ಗ್ಯಾಸ್ ಟಾರ್ಚಿನಿಂದ ಕಾಯಿಸುವುದಾದರೆ ಒಂದು ಎಚ್ಚರಿಕೆ: ತಣ್ಣನೆಯ ಉಕ್ಕಿಗೆ ಜ್ವಾಲೆ ತಾಗಿದ ಮೊದಲ ಕ್ಷಣಗಳಲ್ಲಿ ಅದರ ಮೇಲೆ ನೀರಿನ ತೆಳು ಮಂಜು ಕೂರುತ್ತದೆ. ಟಾರ್ಚನ್ನು ಲೇಪ ಬೀಳುವ ಜಾಗದಲ್ಲಿ ಹಿಡಿಯದೆ ಅದರ ಪಕ್ಕದಲ್ಲಿ ಆಡಿಸಿ, ಶಾಖ ಹರಿದು ಬರಲಿ. 150 ಡಿಗ್ರಿ ದಾಟಿಸಿದರೆ ಒರಟು ಮೈ ಬಣ್ಣಗೆಟ್ಟು ಆಕ್ಸೈಡ್ ಕಟ್ಟುತ್ತದೆ.

50 ಮಿ.ಮೀ. ವ್ಯಾಸದ ಶಾಫ್ಟು ನಿಮಿಷಕ್ಕೆ ಸುಮಾರು 127 ಸುತ್ತು ತಿರುಗಿದರೆ ಮೇಲ್ಮೈ ವೇಗ 20 ಮೀಟರ್ ಆಗುತ್ತದೆ, ಅದು ಸಾಕು. ಗನ್ನನ್ನು ಕೈಯಲ್ಲಿ ಹಿಡಿಯುವ ಬದಲು ಲೇತಿನ ಟೂಲ್ ಪೋಸ್ಟಿಗೆ ಕಟ್ಟಿ, ಸುತ್ತಿಗೆ 6 ಮಿ.ಮೀ.ನಂತೆ ಸಾಗಿಸಿ. ದೂರ 150 ಮಿ.ಮೀ. ಇರಲಿ. ಕೋನ ಲಂಬಕ್ಕೆ ಹತ್ತಿರವಿರಲಿ, 45 ಡಿಗ್ರಿಗಿಂತ ಓರೆಯಂತೂ ಆಗಲೇಬಾರದು. 1.6 ಮಿ.ಮೀ. ತಂತಿಗೆ 30 ವೋಲ್ಟ್ ಆಸುಪಾಸು, 150ರಿಂದ 200 ಆಂಪಿಯರ್, ಗಾಳಿ 4ರಿಂದ 5 ಬಾರ್ ಎಂದು ಆರಂಭಿಸಿ, ನಿಮ್ಮ ಯಂತ್ರದ ಕೈಪಿಡಿಯಂತೆ ಹೊಂದಿಸಿಕೊಳ್ಳಿ. ಕಿಡಿಯ ಸದ್ದು ಒಂದೇ ಸಮನೆ ಸೀಳಿದಂತೆ ಕೇಳಬೇಕು. ಅದು ಚಟಪಟ ಎನ್ನತೊಡಗಿದರೆ ತಂತಿ ಸರಿಯಾಗಿ ಬರುತ್ತಿಲ್ಲ, ದೊಡ್ಡ ಹನಿಗಳು ಬೀಳುತ್ತಿವೆ. ಆ ಕ್ಷಣವೇ ಗನ್ನನ್ನು ಶಾಫ್ಟಿನಿಂದ ಆಚೆ ತಿರುಗಿಸಿ.

ಮೊದಲು ನಿಕ್ಕಲ್-ಅಲ್ಯೂಮಿನಿಯಂ ಪದರವನ್ನು ಸುಮಾರು 0.1 ಮಿ.ಮೀ. ಹಚ್ಚಿ, ನಡುವೆ ನಿಲ್ಲಿಸದೆ ಕ್ರೋಮಿಯಂ ಉಕ್ಕಿಗೆ ಬದಲಿಸಿ. ಒಂದೇ ಸಲಕ್ಕೆ ದಪ್ಪಗೆ ಹಚ್ಚುವ ಆಸೆ ಬೇಡ, ಪ್ರತಿ ಸಲ 0.1 ಮಿ.ಮೀ. ಮೀರದಿರಲಿ. ಉಷ್ಣತೆ 150ಕ್ಕೆ ಹತ್ತಿರವಾದರೆ ಗನ್ನು ತೆಗೆದು ಒಣ ಗಾಳಿಯಿಂದ ತಣಿಸಿ, ಆದರೆ ಶಾಫ್ಟಿನ ತಿರುಗಾಟ ನಿಲ್ಲಿಸಬೇಡಿ. ಅಳತೆ ನೋಡುವಾಗಲೂ ಮೋಸ ಹೋಗಬಾರದು. 27 ಡಿಗ್ರಿಯ ಶಾಫ್ಟು 100 ಡಿಗ್ರಿಗೆ ಏರಿದಾಗ 50 ಮಿ.ಮೀ. ವ್ಯಾಸ 0.04 ಮಿ.ಮೀ.ಗೂ ಹೆಚ್ಚು ಹಿಗ್ಗಿರುತ್ತದೆ, ಆದ್ದರಿಂದ ಬಿಸಿಯಲ್ಲಿ 50.45 ತೋರಿಸುವವರೆಗೆ ಹಚ್ಚಿ.

ಕೆಲಸದ ನಡುವೆ ಕರೆಂಟು ಹೋಗುವುದು ಮಳೆಗಾಲದಲ್ಲಿ ಸಾಮಾನ್ಯ. ಲೇಪ ಅರ್ಧವಾಗಿರುವಾಗ ಶಾಫ್ಟು ತಣ್ಣಗಾಗಿ ತೇವ ಹಿಡಿದರೆ, ಮೇಲೆ ಮುಂದುವರಿಸಬೇಡಿ. ಹಚ್ಚಿದ್ದನ್ನು ಲೇತಿನಲ್ಲಿ ತೆಗೆದು ಮತ್ತೆ ಗ್ರಿಟ್ಟಿನಿಂದ ಆರಂಭಿಸುವುದೇ ಕಡಿಮೆ ನಷ್ಟದ ದಾರಿ.

ಈ ಹಂತದಲ್ಲಿ ಮೈಮೇಲಿನ ಎಚ್ಚರಿಕೆಯೂ ಅಷ್ಟೇ ಮುಖ್ಯ. ಆರ್ಕಿನ ಬೆಳಕಿಗೆ ವೆಲ್ಡಿಂಗ್ ಗಾಜು, 100 ಡೆಸಿಬಲ್ ಮೀರುವ ಸದ್ದಿಗೆ ಕಿವಿಮುಚ್ಚಳ, ಕ್ರೋಮಿಯಂ ಹೊಗೆಗೆ ಹೊರಗಿನಿಂದ ಶುದ್ಧ ಗಾಳಿ ಬರುವ ಮುಖಕವಚ, ಧೂಳೆಳೆಯುವ ಫ್ಯಾನು ಇವುಗಳಲ್ಲಿ ಒಂದೂ ಬಿಟ್ಟುಹೋಗಬಾರದು. ಬಟ್ಟೆಯ ಮಾಸ್ಕು ಈ ಹೊಗೆಯನ್ನು ತಡೆಯುವುದಿಲ್ಲ. ಅಲ್ಯೂಮಿನಿಯಂ ತಂತಿಯ ಧೂಳು ಗುಡ್ಡೆಯಾದರೆ ಸ್ಫೋಟಿಸಬಲ್ಲದು, ಅದನ್ನು ದಿನವೂ ತೆಗೆಯಿರಿ.

ಹಂತ 6: ರಂಧ್ರ ಮುಚ್ಚುವುದು ಮತ್ತು ಗ್ರೈಂಡಿಂಗ್

ಶಾಫ್ಟು ತಾನಾಗಿಯೇ ತಣಿಯಲಿ, ನೀರು ಸುರಿಯಬೇಡಿ. ಕೈಗೆ ಬೆಚ್ಚಗೆ ಹತ್ತುವಷ್ಟಿರುವಾಗಲೇ ತೆಳುವಾದ ಎಪಾಕ್ಸಿ ಅಥವಾ ಫೀನಾಲಿಕ್ ಸೀಲರನ್ನು ಬ್ರಷ್ಷಿನಿಂದ ಹಚ್ಚಿದರೆ ಅದು ರಂಧ್ರಗಳಿಗೆ ಇಳಿಯುತ್ತದೆ. ಗ್ರೀಸಿನಲ್ಲಿ ತಿರುಗುವ ಲೇಪದ ರಂಧ್ರಗಳು ಎಣ್ಣೆ ಹಿಡಿದಿಟ್ಟುಕೊಳ್ಳುತ್ತವೆ, ಅವನ್ನು ಮುಚ್ಚಬಾರದು ಎಂಬ ವಾದವಿದೆ; ಒಳನಾಡಿನ ಯಂತ್ರಗಳಿಗೆ ಅದು ನಿಜವೂ ಹೌದು. ಆದರೆ ಡೆಕ್ಕಿನ ಮೇಲೆ ಅದೇ ರಂಧ್ರ ಎಣ್ಣೆಗಿಂತ ಮೊದಲು ಉಪ್ಪುನೀರನ್ನು ಕುಡಿಯುತ್ತದೆಯಾದ್ದರಿಂದ ನಾನು ಮುಚ್ಚುವ ಪಕ್ಷದವನು. ಶಿರಸಿ ಕಡೆಯಿಂದ ಬರುವ ಅಡಿಕೆ ಸುಲಿಯುವ ಯಂತ್ರದ ಶಾಫ್ಟಿಗೆ ಮಾತ್ರ ಸೀಲರ್ ಹಚ್ಚದೆ ಬಿಸಿ ಎಣ್ಣೆ ಕುಡಿಸಿ ಕಳಿಸುತ್ತೇನೆ.

ಗ್ರೈಂಡಿಂಗಿಗೆ ಸಿಲಿಕಾನ್ ಕಾರ್ಬೈಡ್ ಚಕ್ರ, ಧಾರಾಳ ಕೂಲಂಟ್, ಒಂದು ಸಲಕ್ಕೆ 0.01ರಿಂದ 0.02 ಮಿ.ಮೀ. ಕಡಿತ ಸಾಕು. ಚಕ್ರ ಮೊಂಡಾದರೆ ಹನಿಗಳನ್ನು ಕತ್ತರಿಸುವ ಬದಲು ಕಿತ್ತು ತೆಗೆಯುತ್ತದೆ, ಮೇಲ್ಮೈ ಸೂಜಿ ಚುಚ್ಚಿದಂತೆ ಕಾಣುತ್ತದೆ. ಆಗಾಗ ಡ್ರೆಸ್ಸಿಂಗ್ ಮಾಡಿ, ಅಂದರೆ ಚಕ್ರದ ಮೈಯನ್ನು ಕೆರೆದು ಮತ್ತೆ ಹರಿತಗೊಳಿಸಿ. ಕಾರ್ಬೈಡ್ ಲೇಪಗಳಿಗೆ ವಜ್ರದ ಚಕ್ರವೇ ಬೇಕು. 50.0 ಅಳತೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ.

ಹಂತ 7: ಪರೀಕ್ಷೆ ಮತ್ತು ಜೋಡಣೆ

ಸಣ್ಣ ಸುತ್ತಿಗೆಯ ಹಿಡಿಯಿಂದ ಲೇಪದ ಉದ್ದಕ್ಕೂ ಮೆಲ್ಲನೆ ತಟ್ಟಿ. ಹಿಡಿದ ಜಾಗ ಕಣಕಣ ಎನ್ನುತ್ತದೆ, ಬಿಟ್ಟ ಜಾಗ ಬಿರಿದ ಮಡಕೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಇಳಿಜಾರಿನ ಎರಡೂ ಅಂಚುಗಳನ್ನು ಭೂತಗಾಜಿನಲ್ಲಿ ನೋಡಿ, ಕೂದಲಿನಂಥ ಗೆರೆ ಇದ್ದರೆ ಶಾಫ್ಟನ್ನು ಕೊಡಬೇಡಿ. ಪ್ರತಿ ಕೆಲಸದ ಜೊತೆಗೂ ಒಂದು ತುಂಡು ಉಕ್ಕಿನ ಪಟ್ಟಿಗೆ ಅದೇ ಗ್ರಿಟ್ ಹೊಡೆದು, ಅದೇ ಲೇಪ ಹಚ್ಚಿ, ಉಳಿಯಿಂದ ಕೀಳಲು ಪ್ರಯತ್ನಿಸುವುದು ನನ್ನ ಪದ್ಧತಿ. ಲೇಪ ಪುಡಿಪುಡಿಯಾಗಿ ಉದುರಿದರೆ ಹಿಡಿತ ಸರಿಯಿದೆ, ಹಾಳೆಯಂತೆ ಎದ್ದರೆ ಶಾಫ್ಟಿನ ಲೇಪವೂ ಹಾಗೆಯೇ ಏಳುತ್ತದೆ.

ದಿನಾಂಕ, ತೇವಾಂಶ, ಲೋಹದ ಉಷ್ಣತೆ, ತಂತಿಯ ಬ್ಯಾಚು, ಕೆಳಕೊರೆತದ ವ್ಯಾಸ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಅದೇ ಶಾಫ್ಟು ಬಂದಾಗ ಎಷ್ಟು ಇಳಿಸಬಹುದೆಂಬುದು ಅದರಿಂದಲೇ ತಿಳಿಯುತ್ತದೆ. ಬುಶ್ ಕೂರಿಸುವಾಗ ಸುತ್ತಿಗೆಯಿಂದ ಹೊಡೆಯದೆ ಪ್ರೆಸ್ಸಿನಲ್ಲಿ ಒತ್ತಿ. ಆಗಸ್ಟ್ 1ಕ್ಕೆ ದೋಣಿ ಕಡಲಿಗಿಳಿದ ಮೇಲೆ ಮೊದಲ ಹದಿನೈದು ದಿನ, ಪ್ರತಿ ಟ್ರಿಪ್ಪಿನ ನಂತರ ವಿಂಚಿನ ಬುಶ್ ಅಂಚಿನ ಹಳೆಯ ಗ್ರೀಸನ್ನು ಬೆರಳಿನಲ್ಲಿ ತೆಗೆದು ನೋಡಲು ದೋಣಿಯವರಿಗೆ ಹೇಳಿ. ಗ್ರೀಸಿನಲ್ಲಿ ಕಿತ್ತಳೆ ಬಣ್ಣವೋ ಹೊಳೆಯುವ ಚಕ್ಕೆಯೋ ಕಂಡರೆ ವಿಂಚನ್ನು ನಿಲ್ಲಿಸಿ ಶಾಫ್ಟನ್ನು ವಾಪಸು ತರಲಿ. ಆಗ ಅದನ್ನು 48.4ಕ್ಕೆ ಇಳಿಸಿ ಮತ್ತೆ ಲೇಪಿಸಲು ಇನ್ನೂ ಲೋಹ ಉಳಿದಿರುತ್ತದೆ.